ಹಳದಿ ಪಟ್ಟಿಯ ಪೊಟ್ಟಣ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, 1957ರಲ್ಲಿ, ನಾನು ಮಡಿಕೇರಿಯ ಒಂದು ಸಹಕಾರ ಸಂಘದಲ್ಲಿ ವಿನ್ಯಾಸ ಮೇಲ್ವಿಚಾರಕನಾಗಿ ಸೇರಿದೆ. ಎಸ್ಟೇಟುಗಳಿಗೂ ಅಲ್ಲಿನ ಕಾರ್ಮಿಕರಿಗೂ ಬೇಕಾದ ಸಾಮಾನನ್ನು ಸಗಟಾಗಿ ತರಿಸಿ, ಪೊಟ್ಟಣ ಕಟ್ಟಿ ಮಾರುವುದು ಸಂಘದ ಕೆಲಸ. ಕೊಡ್ಲಿಪೇಟೆಯಲ್ಲಿ ಒಂದು, ಚೆಟ್ಟಳ್ಳಿಯಲ್ಲಿ ಒಂದು ಡಿಪೋ. ಎರಡರಲ್ಲೂ ಒಬ್ಬೊಬ್ಬ ಚಿತ್ರಗಾರ, ಅವರ ಕೈಕೆಳಗೆ ಲೇಬಲ್ ಅಚ್ಚು ಹಾಕುವ ಮೂರು ಮೂರು ಜನ. ಈ ಎರಡು ತಂಡಗಳು ಒಂದರ ಮುಖ ಒಂದು ನೋಡದೆ, ತಮಗೆ ತೋಚಿದಂತೆ ಕೆಲಸ ಮಾಡುತ್ತಿದ್ದವು. ಅವರನ್ನು ಒಟ್ಟು ಸೇರಿಸಿ, ಸಂಘದ ಸಾಮಾನು ಎಲ್ಲಿ ಕೊಂಡರೂ ಒಂದೇ ರೀತಿ ಇರುವಂತೆ ಮಾಡುವುದು ನನಗೆ ವಹಿಸಿದ ಹೊಣೆ.

ಕೊಡ್ಲಿಪೇಟೆಯ ರುದ್ರಪ್ಪನವರು ಐವತ್ತು ದಾಟಿದವರು. ಅಂಗಡಿ ಬೋರ್ಡು ಬರೆದು ಹೆಸರು ಮಾಡಿದವರು. ಚೆಟ್ಟಳ್ಳಿಯ ಬೆಳ್ಯಪ್ಪ ನನ್ನ ಓರಗೆಯವರು. ಮದ್ರಾಸಿನಲ್ಲಿ ಲಿಥೋ ಮುದ್ರಣ ಕಲಿತು ಬಂದವರು. ಜೂನ್‌ನಲ್ಲಿ ಇಬ್ಬರನ್ನೂ ಮಡಿಕೇರಿಗೆ ಕರೆಸಿದೆ. ಅಕ್ಷರದ ಅಳತೆ, ಸಂಘದ ಮುದ್ರೆ, ಕಾಗದ ಎಲ್ಲದಕ್ಕೂ ಒಪ್ಪಿದರು. ಬಣ್ಣಕ್ಕೆ ಬಂದಾಗ ಮಾತು ನಿಂತಿತು. ಲೇಬಲ್ಲಿನ ಮೇಲೆ ಅಡ್ಡಲಾಗಿ ಒಂದು ಬಣ್ಣದ ಪಟ್ಟಿ ಇರುತ್ತಿತ್ತು. ಓದು ಬಾರದವರು ಸಾಮಾನನ್ನು ಗುರುತಿಸುತ್ತಿದ್ದುದು ಅದರಿಂದಲೇ. ನಮ್ಮ ಕಸುಬಿನಲ್ಲಿ ಇದಕ್ಕೆ ಕಲರ್ ಕೋಡ್ ಎನ್ನುತ್ತಾರೆ. ಕೊಡ್ಲಿಪೇಟೆಯಲ್ಲಿ ಹಳದಿ ಪಟ್ಟಿ ಎಂದರೆ ಅಡಿಗೆ ಸೋಡಾ. ಚೆಟ್ಟಳ್ಳಿಯಲ್ಲಿ ಇಲಿ ಪಾಷಾಣ.

“ನಮ್ ಜನ ಹಳದಿ ನೋಡೇ ಸೋಡ ತಗಳೋದು. ನಾನ್ಯಾಕೆ ಬಿಡ್ಲಿ?” ಎಂದರು ರುದ್ರಪ್ಪ.

“ವಿಷಕ್ಕೆ ಹಳದಿ ಅಂತಲೇ ನಾನು ಕಲ್ತದ್ದು ಸಾರ್. ಬದಲಾಯಿಸೋದಾದ್ರೆ ಅವರು ಬದಲಾಯಿಸ್ಲಿ,” ಎಂದರು ಬೆಳ್ಯಪ್ಪ.

ಒಬ್ಬರ ಮನಸ್ಸು ನೋಯಿಸಿದರೆ ತಂಡ ಒಡೆಯುತ್ತದೆ ಎಂದು ನಾನು ಹೆದರಿದೆ. “ಅಚ್ಚಾಗಿರುವ ಲೇಬಲ್ ಮುಗಿಯಲಿ, ಬಣ್ಣದ ವಿಚಾರ ಆಮೇಲೆ ನೋಡೋಣ,” ಎಂದೆ. ಇಬ್ಬರೂ ಸಮಾಧಾನದಿಂದ ಎದ್ದರು. ಸಭೆ ಸಫಲವಾಯಿತೆಂದು ವರದಿ ಬರೆದೆ. ಆ ಮಾತು ಆರು ತಿಂಗಳು ಅಲ್ಲೇ ಉಳಿಯಿತು.

ಡಿಸೆಂಬರ್‌ನಲ್ಲಿ ಕಾಫಿ ಪಿಕಿಂಗ್‌ಗೆಂದು ಚಿಕ್ಕಯ್ಯ, ನಿಂಗಮ್ಮ ಎಂಬ ಗಂಡ ಹೆಂಡತಿ ಕೊಡ್ಲಿಪೇಟೆ ಕಡೆಯಿಂದ ಚೆಟ್ಟಳ್ಳಿಯ ಒಂದು ಎಸ್ಟೇಟಿಗೆ ಬಂದರು. ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಅವರಿಗೆ ಕೊಟ್ಟ ಮನೆಯಲ್ಲಿ ಇಲಿ ಕಾಟ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಂದು ಪೊಟ್ಟಣ ಪಾಷಾಣ ಕೊಟ್ಟಿದ್ದರು. ಚಿಕ್ಕಯ್ಯ ಅದನ್ನು ಗೋಡೆಯ ಗೂಡಿನಲ್ಲಿಟ್ಟು, ಹೆಂಡತಿಗೆ ಹೇಳುವುದನ್ನು ಮರೆತ. ಮಾರನೆಯ ದಿನ ಹುರುಳಿ ಬೇಯದೆ ಹೊತ್ತಾಗುತ್ತಿತ್ತು. ಓದು ಬಾರದ ನಿಂಗಮ್ಮ ಗೂಡಿನಲ್ಲಿ ಹಳದಿ ಪಟ್ಟಿ ಕಂಡು, ಗಂಡ ತಂದಿಟ್ಟ ಸೋಡಾ ಎಂದುಕೊಂಡು, ಬೇಗ ಬೇಯಲೆಂದು ಸಾರಿಗೆ ಹಾಕಿದಳು. ಗಂಡನಿಗೆ ಮೊದಲು ಬಡಿಸಿದಳು. ತಾನು ಉಣ್ಣಲು ಕೂರುವ ಮೊದಲೇ ಅವನು ಹೊಟ್ಟೆ ಹಿಡಿದುಕೊಂಡು ಬಿದ್ದ. ಎಸ್ಟೇಟಿನ ಜೀಪು ಮಡಿಕೇರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸುದ್ದಿ ಬಂದ ದಿನ ರುದ್ರಪ್ಪನವರು ಮೊದಲ ಬಸ್ಸಿಗೇ ಚೆಟ್ಟಳ್ಳಿಗೆ ಬಂದರು. ಡಿಪೋದಲ್ಲಿ ಎರಡೂ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟುಕೊಂಡು ಮೂವರೂ ಕೂತೆವು. “ಹಳದಿ ಯಾವ್ದಕ್ಕೂ ಬ್ಯಾಡ ಬುಡಿ,” ಎಂದರು ರುದ್ರಪ್ಪ. ಬೆಳ್ಯಪ್ಪ ಒಪ್ಪಿ ತಲೆಯಾಡಿಸಿದರು. ಆರು ತಿಂಗಳು ನಾನು ಮುಂದೂಡಿದ್ದು ಅರ್ಧ ಗಂಟೆಯಲ್ಲಿ ಮುಗಿಯಿತು.

ಹಳೆಯ ದಾಸ್ತಾನನ್ನೆಲ್ಲ ವಾಪಸು ತರಿಸಿದೆವು. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು: ಎರಡೂ ತಂಡ ಒಟ್ಟಾಗಿ ಹೊಸ ಮಾದರಿಗಳನ್ನು ಲೈನುಗಳಿಗೆ ಒಯ್ದು, ಓದು ಬಾರದವರ ಕೈಗೆ ಕೊಟ್ಟು ಕೇಳಿದೆವು. ಬೆಳ್ಯಪ್ಪ ಬರೆದಿದ್ದ ತಲೆಬುರುಡೆಯನ್ನು ನೋಡಿ ಒಬ್ಬ ಅಜ್ಜಿ, “ಇದೇನು, ಬೊಂಬೆಯಾ?” ಎಂದಳು. ಅದನ್ನು ಬಿಟ್ಟು, ಕಾಲು ಮೇಲೆ ಮಾಡಿ ಸತ್ತ ಇಲಿಯನ್ನು ಬರೆದರು. ರುದ್ರಪ್ಪ ಅದರ ಸುತ್ತ ದಪ್ಪ ಕೆಂಪು ಚೌಕಟ್ಟು ಹಾಕಿದರು. ಆ ಗುರುತನ್ನು ತಪ್ಪಾಗಿ ತಿಳಿದವರು ಒಬ್ಬರೂ ಇರಲಿಲ್ಲ.

ಪೊಲೀಸ್ ವರದಿಯಲ್ಲಿ ‘ಅಡಿಗೆ ಮಾಡಿದವಳ ಅಜಾಗರೂಕತೆ’ ಎಂದಿತ್ತು. ತಪ್ಪು ನಮ್ಮ ವಿಭಾಗದ್ದು, ಅದರಲ್ಲೂ ನನ್ನದು ಎಂದು ಹೇಳಿಕೆ ಬರೆದು ಸಂಘದ ಕಾರ್ಯದರ್ಶಿಗೆ ತೋರಿಸಿದೆ. “ನಿಮ್ಮನ್ನು ಯಾರೂ ಕೇಳಿಲ್ಲವಲ್ಲ,” ಎಂದರು. ಆದರೂ ಠಾಣೆಗೆ ಕೊಟ್ಟು ಬಂದೆ. ಪೊಲೀಸರು ಅದನ್ನು ಕಡತಕ್ಕೆ ಸೇರಿಸಿದರು. ವರದಿಯ ಸಾಲು ಮಾತ್ರ ಹಾಗೇ ಉಳಿಯಿತು.

ನಿಂಗಮ್ಮ ಊರಿಗೆ ಹೊರಡುವ ಮುನ್ನ ಲೈನಿಗೆ ಹೋದೆ. ಜಗಲಿಯಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಳು. ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ. ಪಟ್ಟಿಯ ಗೊಂದಲವನ್ನೆಲ್ಲ ವಿವರಿಸಿ, “ತಪ್ಪು ನಿನ್ನದಲ್ಲಮ್ಮ, ನಮ್ಮದು,” ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. “ನೀವ್ ಹೇಳದೂ ಸರಿನೇ ಸ್ವಾಮಿ. ಆದ್ರೆ ಇನ್ನೊಂಚೂರು ಹಾಕ್ಲಾ ಅಂತ ಕೇಳಿ ಬಡ್ಸಿದ್ದು ನಾನೇ ಅಲ್ವಾ,” ಎಂದಳು.



ಅಲ್ಲಿಂದ ಮುಂದೆ ಇಪ್ಪತ್ತಾರು ವರ್ಷ ತಂಡಗಳನ್ನು ನಡೆಸಿದೆ. ಜೊತೆಯವರ ಮನಸ್ಸು ಕಾಯುವುದು ಬೇಕು, ನಿಜ. ಆದರೆ ನಮ್ಮ ಕೋಣೆಯ ಶಾಂತಿಗಾಗಿ ನಾವು ಮುಂದಕ್ಕೆ ಹಾಕುವ ತೀರ್ಮಾನ, ಆ ಕೋಣೆಯನ್ನೇ ಕಂಡರಿಯದ ಯಾರದೋ ಒಲೆಯ ಮುಂದೆ ಹೋಗಿ ನಿಲ್ಲುತ್ತದೆ. ಅದನ್ನು ಕಲಿತದ್ದು ನಾನು. ಅದಕ್ಕೆ ಬೆಲೆ ತೆತ್ತವಳು ಅವಳು.