ರುದ್ರೇಶಪ್ಪನವರು ಮತ್ತೆ ಕಟ್ಟಿದ ಎಂಜಿನ್

ಊಟದ ಹೊತ್ತಿಗೆ ಲೇತ್‌ಗಳು ನಿಂತು ಶೆಡ್ಡು ಶಾಂತವಾದ ಕೂಡಲೇ ರುದ್ರೇಶಪ್ಪನವರು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಬಲಗೈಯಲ್ಲಿ ಮೌಸ್ ಹಿಡಿದು, ಎಡ ಮೊಣಕೈಯನ್ನು ಅಲ್ಲಿಲ್ಲದ ಕಿಟಕಿಯ ಮೇಲೆ ಊರಿ, ತಲೆಯನ್ನು ಹೊರಗೆ ಚಾಚಿ ರೈಲು ಓಡಿಸುತ್ತಿದ್ದರು. ಪರದೆಯ ಮೇಲೆ ತಿರುವು ಬಂದರೆ ಅವರ ಇಡೀ ಮೈ ಆ ಕಡೆಗೆ ವಾಲುತ್ತಿತ್ತು. ಸ್ಪೀಕರ್ ಕೆಟ್ಟ ದಿನ ಸೀಟಿಯನ್ನು ಬಾಯಲ್ಲೇ ಹಾಕುತ್ತಿದ್ದರು. ಡಬ್ಬಿ ಬಿಚ್ಚಿ ಕೂತ ಕೆಲಸಗಾರರು ತಲೆ ಬಗ್ಗಿಸಿಕೊಂಡು ನಗುತ್ತಿದ್ದರು. ರುದ್ರೇಶಪ್ಪನವರಿಗೆ ಅದು ಗೊತ್ತಿತ್ತು, ಲೆಕ್ಕಿಸುತ್ತಿರಲಿಲ್ಲ.

ಪೀಣ್ಯದಲ್ಲಿ ಅವರದು ಸಣ್ಣ ವರ್ಕ್‌ಶಾಪ್. ಪಕ್ಕದ ಶೆಡ್ಡಿನಲ್ಲಿ ಅಚ್ಚುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ ನನ್ನದು. ಮುಖ್ಯರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ; ಧೂಳಿಗೆ ಹೆದರಿ ನಾವು ಬಾಗಿಲು ಹಾಕಿಕೊಂಡೇ ಇರುತ್ತಿದ್ದೆವು. ಒಂದು ದಿನ ಅವರು ಬಾಗಿಲು ತಟ್ಟಿ ಒಳಗೆ ಬಂದರು. ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಅಳತೆಯ ಕ್ಯಾಲಿಪರ್.

"ಒಂದು ಎಂಜಿನ್ ಬರಕೊಡ್ತೀಯೇನಮ್ಮಾ?"

"ಯಾವ್ದು ಸಾರ್, ಡೀಸೆಲ್ಲಾ?"

"ಉಗಿಬಂಡಿ. ನ್ಯಾರೋಗೇಜಿಂದು. ಈಗ ಎಲ್ಲೂ ಇಲ್ಲ ಅದು."

ಟ್ರೇನ್ ಸಿಮ್ಯುಲೇಟರ್ ಎಂಬ ಆಟವೊಂದಿದೆ ಎಂದು ನನಗೆ ತಿಳಿದದ್ದು ಆಗಲೇ. ಅದರಲ್ಲಿ ಬೇರೆಯವರು ಮಾಡಿಟ್ಟ ರೈಲುಗಳನ್ನು ಓಡಿಸಬಹುದು. ತಾಳ್ಮೆ ಇದ್ದರೆ ನಮ್ಮದೇ ಹಳಿ ಹಾಕಿ, ನಿಲ್ದಾಣ ಕಟ್ಟಿ, ನಮ್ಮದೇ ಎಂಜಿನ್ನನ್ನೂ ಬಿಡಬಹುದು. ಯಲಹಂಕದಿಂದ ಚಿಕ್ಕಬಳ್ಳಾಪುರದ ಮೇಲೆ ಕೋಲಾರದ ಕಡೆ ಹೋಗುತ್ತಿದ್ದ ಹಳೆಯ ಚಿಕ್ಕ ರೈಲನ್ನು ರುದ್ರೇಶಪ್ಪ ಅದರಲ್ಲಿ ಕಟ್ಟಲು ಹೊರಟಿದ್ದರು. ಅದರ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ಆ ಹಳಿ ಕಿತ್ತು ದೊಡ್ಡ ಹಳಿ ಹಾಕಿ ವರ್ಷಗಳಾಗಿದ್ದವು.

ಭಾನುವಾರಗಳಲ್ಲಿ ಅವರ ಹಳೆಯ ಕಾರಿನಲ್ಲಿ ಹೋಗಿ ಊರೂರು ಅಲೆದೆವು. ಉಳಿದಿದ್ದ ಮಣ್ಣಿನ ಏರಿ, ಕಲ್ಲಿನ ಸೇತುವೆ, ನಿಲ್ದಾಣದ ಹಂಚು, ಬೇವಿನಮರ, ಎಲ್ಲದರ ಫೋಟೋ ತೆಗೆದೆವು. ವಾರವಿಡೀ ನಾನು ಅವನ್ನು ಪರದೆಗೆ ಏರಿಸುತ್ತಿದ್ದೆ. ಹೇಗಾದರೂ ಮುಗಿದರೆ ಸಾಕು ಎಂದು ನಾನು ಒಂದೇ ಮರವನ್ನು ಹತ್ತಾರು ಕಡೆ ನೆಟ್ಟುಬಿಟ್ಟರೆ ಕೂಡಲೇ ಹಿಡಿಯುತ್ತಿದ್ದರು. "ತಡಿಯಮ್ಮಾ. ಗಾಡಿ ನಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ. ಅವಸರ ಯಾಕೆ?" ಅವಸರ ಎಂಬ ಮಾತು ಅವರ ಬಾಯಲ್ಲಿ ಬೈಗುಳದ ಹಾಗೆ ಕೇಳುತ್ತಿತ್ತು. ವರ್ಕ್‌ಶಾಪಿನಲ್ಲೂ ಅಷ್ಟೇ. ಗಿರಾಕಿ ಫೋನಿನಲ್ಲಿ ಕೂಗಾಡಿದರೂ ಹುಡುಗರನ್ನು ಓಡಿಸುತ್ತಿರಲಿಲ್ಲ. ಇದರಿಂದ ಕಳೆದುಕೊಂಡ ಆರ್ಡರುಗಳ ಬಗ್ಗೆ ಅವರ ಹೆಂಡತಿ ನನ್ನೆದುರೇ ರೇಗಿದ್ದುಂಟು.

ಎಂಜಿನ್ನಿನ ವಿಷಯದಲ್ಲಿ ಮಾತ್ರ ನನಗೆ ಬೆರಗು. ಹೊರಗಿನ ರೂಪ ಹಳೆಯ ಫೋಟೋದಲ್ಲಿ ಸಿಗುತ್ತದೆ. ಇವರು ಒಳಗಿನ ಕೊಳವೆ ಎಲ್ಲಿ ಬಾಗುತ್ತದೆ, ತಗಡು ಎಲ್ಲಿ ದಪ್ಪ ಎನ್ನುವುದನ್ನೂ ಹೇಳುತ್ತಿದ್ದರು. "ಇದೆಲ್ಲಾ ನಿಮಗೆ ಹೇಗೆ ಗೊತ್ತು ಸಾರ್?" ಎಂದು ಕೇಳಿದೆ.

ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಅದನ್ನ ಕುಯ್ಸಿದ್ದು ನಾನೇ ಕಣಮ್ಮಾ."

ವರ್ಕ್‌ಶಾಪ್ ಶುರುಮಾಡುವ ಮೊದಲು ಅವರದು ಗುಜರಿ ವ್ಯಾಪಾರವಂತೆ. ಹರಾಜಿನಲ್ಲಿ ಆ ಎಂಜಿನ್ ಹಿಡಿದು, ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿಸಿ, ಕಬ್ಬಿಣ ಕರಗಿಸುವವರಿಗೆ ಲಾರಿಯಲ್ಲಿ ಕಳಿಸಿದ್ದರು. "ಅಂಥದ್ದನ್ನ ಹಾಳುಮಾಡಿದ ಪಾಪ ಇದೆಯಲ್ಲ, ಅದಕ್ಕೆ ಇದು" ಎಂದು ಪರದೆ ತೋರಿಸಿದರು. ಆ ಮಾತು ನನಗೆ ತುಂಬಾ ಹಿಡಿಸಿತು. ಅಲ್ಲಿಂದಾಚೆ ನಾನೂ ಒಂದು ಪುಣ್ಯಕಾರ್ಯಕ್ಕೆ ಕೈಜೋಡಿಸಿದವಳಂತೆ ಎಂಜಿನ್ನಿನ ಕಪ್ಪುಬಣ್ಣಕ್ಕೆ ಹೊಳಪು ಕೊಡುತ್ತಾ ಕೂತೆ.

ಎಂಜಿನ್ ಓಡತೊಡಗಿದ ಮೇಲೆ, ಆ ದಾರಿಯಲ್ಲಿ ನಿಜವಾಗಿ ರೈಲು ಓಡಿಸಿದ್ದ ಒಬ್ಬರನ್ನು ಯಲಹಂಕದಲ್ಲಿ ಪತ್ತೆಮಾಡಿ ಕಾರಿನಲ್ಲಿ ಕರೆತಂದೆವು. ಮುನಿವೆಂಕಟಪ್ಪ ಎಂದು ಹೆಸರು, ತುಂಬಾ ವಯಸ್ಸಾಗಿತ್ತು. ರುದ್ರೇಶಪ್ಪ ಅವರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಪರೀಕ್ಷೆ ಬರೆದ ಹುಡುಗನ ಹಾಗೆ ಪಕ್ಕದಲ್ಲಿ ನಿಂತರು. ಮುದುಕರು ಎರಡು ನಿಲ್ದಾಣ ದಾಟಿಸಿ, ಗಹಗಹಿಸಿ ನಕ್ಕರು.

"ಈಟು ನೀಟಾಗಿ ಎಲ್ಲಿತ್ತು ಸ್ವಾಮಿ ಅದು? ಮೈಯೆಲ್ಲ ಮಸಿ. ಬೇಸ್ಗೇಲಿ ಅದರೊಳಗೆ ನಿಂತ್ಕೊಂಡ್ರೆ ಚರ್ಮ ಸುಲೀತಿತ್ತು."

ರುದ್ರೇಶಪ್ಪನವರ ಮುಖ ಸಪ್ಪಗಾಯಿತು. ಕೈಮುಗಿದು, "ಯಜಮಾನ್ರೇ, ನಿಮ್ಮ ಎಂಜಿನ್ನ ಕುಯ್ಸಿದ್ದು ನಾನು. ಕ್ಷಮಿಸಬೇಕು" ಎಂದರು.

"ಕುಯ್ದ್ರೆ ಕುಯ್ದ್ರಿ, ಕಬ್ಣ ತಾನೆ? ನನ್ ಜತೆ ಕಲ್ಲಿದ್ಲು ಆಕ್ತಿದ್ದೋನು ಒಬ್ನಿದ್ದ, ಅವನ ಎದೆಗೂಡನ್ನೇ ತಿಂದಾಕ್ತು ಅದು. ಓದ್ರೆ ಓಗ್ಲಿ." ಆಮೇಲೆ ಏನೋ ನೆನಪಾದವರಂತೆ ತಿರುಗಿ ಕೇಳಿದರು: "ಕುಯ್ಯೋವಾಗ ಯಾರ್ಗೂ ಏನೂ ಆಗ್ಲಿಲ್ಲ ತಾನೆ?"

ರುದ್ರೇಶಪ್ಪ ತಟಕ್ಕನೆ ತಿರುಗಿ ಶೆಡ್ಡಿನ ಹಿಂದಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಮುನಿವೆಂಕಟಪ್ಪನವರನ್ನು ನಾನೇ ಆಟೋ ಹತ್ತಿಸಿದೆ.

ಹಿಂದಕ್ಕೆ ಹೋಗಿ ನೋಡಿದರೆ ಕಬ್ಬಿಣದ ತುಂಡುಗಳ ರಾಶಿಯ ಮೇಲೆ ಕೂತಿದ್ದರು.

"ಹನುಮಂತ ಅಂತ. ಲಿಂಗಸುಗೂರು ಕಡೆಯವನು" ಎಂದರು, ನಾನು ಏನೂ ಕೇಳದಿದ್ದರೂ. "ಕಟರ್ ಹಿಡಿದಿದ್ದವನು ಅವನು. ಚಕ್ರಕ್ಕೆ ಬಿಡೋ ಎಣ್ಣೆ ಟ್ಯಾಂಕ್ ತೋರಿಸಿ, ಸಾಹೇಬ್ರ ಇದರಾಗ ಎಣ್ಣಿ ಉಳದದ, ತೊಳದು ಕೊಯ್ಯೋಣ್ರಿ ಅಂದ. ಲಾರಿ ನಿಂತಿತ್ತು. ಏನಾಗಲ್ಲ, ಬೇಗ ಮುಗ್ಸು ಅಂದೆ."

ಟ್ಯಾಂಕ್ ಸಿಡಿದು ಬೆಂಕಿ ಮುಖಕ್ಕೆ ಹೊಡೆದಿತ್ತು. ಹನುಮಂತನ ಎರಡು ಕಣ್ಣೂ ಹೋದವು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ರುದ್ರೇಶಪ್ಪ ಹೇಳಿದ್ದು ಒಂದೇ ಮಾತು: ಅವನೇ ನೋಡದೆ ಕುಯ್ದ. ಗಾಯ ಮಾಗಿದ ಮೇಲೆ ಊರಿನ ಬಸ್ ಹತ್ತಿಸಿ ಕೈತೊಳೆದುಕೊಂಡಿದ್ದರು.

"ಎಂಜಿನ್ ಬಗ್ಗೆ ಅತ್ತರೆ ಜನ ಒಳ್ಳೇವ್ನು ಅಂತಾರೆ ಕಣಮ್ಮಾ. ಇದನ್ನ ಯಾರ ಹತ್ರ ಅಳಲಿ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಟ್ಯಾಂಕನ್ನೂ ನಾನೇ ಬರೆದಿದ್ದೆ. ಅದರ ರಿವೆಟ್‌ಗಳು ಚೆನ್ನಾಗಿ ಬಂದಿವೆಯೆಂದು ಬೀಗಿದ್ದೆ.

ಮರುದಿನದಿಂದ ಅವರು ಪೀಣ್ಯದ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಲಿಂಗಸುಗೂರಿನವರನ್ನು ಹುಡುಕತೊಡಗಿದರು. ಕೊನೆಗೆ ಒಬ್ಬ ಗಾರೆಕೆಲಸದವನು, ಹನುಮಂತ ಊರಿನಲ್ಲಿಲ್ಲ, ಚಂದಾಪುರದಲ್ಲಿ ಮಗಳ ಜೊತೆ ಇದ್ದಾನೆ ಎಂದ. ಮಗಳಿಗೆ ಅಲ್ಲೇ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಇಷ್ಟು ವರ್ಷ ದೂರದ ಊರಿನಲ್ಲಿದ್ದಾನೆಂದು ಇವರು ಭಾವಿಸಿದ್ದ ಮನುಷ್ಯ ಇದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿದ್ದ.

"ಒಬ್ಬನಿಗೇ ಹೋಗೋ ಧೈರ್ಯ ಇಲ್ಲ" ಎಂದರು. ಜೊತೆಗೆ ಹೋದೆ. ಓಣಿಯ ಕೊನೆಯ ಒಂದೇ ಕೋಣೆಯ ಮನೆ. ಹೊಸ್ತಿಲ ಬಳಿ ಬನಿಯನ್ ತೊಟ್ಟು ಕೂತಿದ್ದವನ ಮುಖದ ಅರ್ಧ ಚರ್ಮ ಸುಕ್ಕಾಗಿ ಎಳೆದುಕೊಂಡಿತ್ತು. ರುದ್ರೇಶಪ್ಪ, "ಹನುಮಂತಾ" ಎಂದರು. ಅಷ್ಟಕ್ಕೇ ಆತ ತಲೆ ಎತ್ತಿದ.

"ಸಾಹೇಬ್ರು."

"ಹೌದಪ್ಪ, ನಾನೇ."

ಯಾಕೆ ಬಂದಿರಿ, ಹೇಗಿದ್ದೀರಿ ಎಂದು ಅವನು ಕೇಳಲಿಲ್ಲ. "ಒಂದು ಮಾತು ಕೇಳ್ತೀನ್ರಿ, ಖರೇ ಹೇಳ್ರಿ. ಅವತ್ತ ಎಣ್ಣಿ ಅದ ಅಂತ ನಾ ಹೇಳಿದ್ನೋ ಇಲ್ಲೋ? ಮನ್ಯಾಗ ಎಲ್ಲಾರೂ ನೀನೇ ಕಣ್ಣು ಕಳ್ಕೊಂಡಿ ಅಂತಾರ. ನನ್ನ ಹೇಣ್ತಿ ಸಾಯೋತನಕ ಅದನ್ನೇ ಅಂದ್ಲು. ಬರಬರ್ತಾ ನನಗೂ ಹಂಗೇ ಅನ್ಸಾಕತ್ತದ. ನಾ ಹೇಳಲೇ ಇಲ್ಲೇನೋ ಅಂತ."

"ಹೇಳಿದ್ದಿ" ಎಂದರು ರುದ್ರೇಶಪ್ಪ. "ನನಗೆ ಚೆನ್ನಾಗಿ ಕೇಳಿಸಿತ್ತು. ತಪ್ಪು ನಂದು."

ಹನುಮಂತ ಒಳಗೆ ತಿರುಗಿ ಕೂಗಿದ. "ಯಲ್ಲವ್ವಾ, ಬಾ ಇಲ್ಲಿ." ಹಿಟ್ಟಿನ ಕೈಯಲ್ಲೇ ಮಗಳು ಬಂದು ನಿಂತಳು. "ಇನ್ನೊಮ್ಮೆ ಹೇಳ್ರಿ ಸಾಹೇಬ್ರ. ಈಕಿ ಮುಂದ ಹೇಳ್ರಿ."

ಹೇಳಿದರು. ಲಾರಿ ನಿಂತಿದ್ದನ್ನು, ಬೇಗ ಮುಗಿಸೆಂದದ್ದನ್ನು, ಆಸ್ಪತ್ರೆಯ ಸುಳ್ಳನ್ನು, ಎಲ್ಲವನ್ನೂ ಆ ಹುಡುಗಿಯ ಮುಖ ನೋಡುತ್ತಲೇ ಹೇಳಿದರು. ಅವಳು ಅಪ್ಪನ ಪಕ್ಕಕ್ಕೆ ಹೋಗಿ ಅವನ ಹೆಗಲಿಗೆ ಒತ್ತಿಕೊಂಡು ಕೂತಳು. ಹನುಮಂತ ತಡಕಿ ಅವಳ ಹಿಟ್ಟಿನ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ, "ಇನ್ನ ನೀವು ಹೋಗ್ರಿ" ಎಂದ.

ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತ ಕಾರಿನಲ್ಲಿ ರುದ್ರೇಶಪ್ಪ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತರು. ಹಿಂದಿನವರು ಹಾರ್ನ್ ಹೊಡೆದರೂ ಅವರಿಗೆ ಕೇಳಿಸಲಿಲ್ಲ.

ಆಮೇಲೆ ಅವರು ಆ ಆಟವನ್ನು ತೆರೆಯಲಿಲ್ಲ. ಚಂದಾಪುರಕ್ಕೆ ಮಾತ್ರ ಹೋಗಿಬರುತ್ತಿದ್ದರು. ಕೆಲವು ಸಲ ಬಾಗಿಲು ತೆರೆಯುತ್ತಿತ್ತು, ಕೆಲವು ಸಲ ಇಲ್ಲ. ತೆರೆದಾಗಲೂ ಹೆಚ್ಚು ಮಾತಿರಲಿಲ್ಲವಂತೆ. ಹೊಸ್ತಿಲ ಆಚೆ ಈಚೆ ಕೂತು ಎದ್ದುಬರುತ್ತಿದ್ದರಂತೆ. ಯಲ್ಲವ್ವನ ಮದುವೆಗೆ ಕರೆ ಬರಲಿಲ್ಲ. ಅದು ಸರಿಯೇ ಎಂದರು.

ಒಂದು ಬೆಳಿಗ್ಗೆ ಹೃದಯ ನಿಂತು ಅವರು ಹೋದರು. ಜಾಲಹಳ್ಳಿಯ ಅವರ ಮನೆಯಲ್ಲಿ ದರ್ಶನ ಮುಗಿಸಿ ಹೊರಗೆ ಬಂದ ನನಗೆ, ಇದನ್ನು ಹನುಮಂತನಿಗೆ ಯಾರೂ ತಿಳಿಸುವುದಿಲ್ಲ ಎಂದು ಹೊಳೆಯಿತು. ಯಲ್ಲವ್ವನಿಗೆ ಫೋನ್ ಮಾಡಿದೆ. ಅವಳು ಅಪ್ಪನ ಕೈಗೆ ಕೊಟ್ಟಳು. ವಿಷಯ ಹೇಳಿ ಕಾದೆ. ಹನುಮಂತ ನಿಧಾನವಾಗಿ ಅಂದ:

"ಅಷ್ಟು ಸಲ ಬಂದ್ರು ಮೇಡಂ. ಒಂದಿನಾನೂ ಚಾ ಕುಡೀರಿ ಅನ್ನಲಿಲ್ಲ ನಾನು."