ಜಲಜಾ ನೋಡಿದ ಮೋಡ

ಜಲಜಾ ಹುಟ್ಟಿ ಬೆಳೆದದ್ದು ಮಾಗಡಿಯಲ್ಲಿ. ಸಾವನದುರ್ಗದ ಬಂಡೆಯನ್ನು ಅಪ್ಪನ ಹಿಂದೆ ಚಿಕ್ಕಂದಿನಿಂದ ಹತ್ತಿದವಳು. ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕ ಮೇಲೆ ಗೋವಿಂದರಾಜನಗರದ ವಠಾರವೊಂದಕ್ಕೆ ಬಂದಳು. ಪಕ್ಕದ ಮನೆಯ ಅಲಮೇಲು ಅದೇ ಆಫೀಸಿನವಳು. ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದರು.

ಆಫೀಸಿನ ಸೂಪರಿಂಟೆಂಡೆಂಟ್ ಚಕ್ರಪಾಣಿಗೆ ಬೆಟ್ಟ ಹತ್ತುವ ಹುಚ್ಚು. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಎಲ್ಲರನ್ನೂ ಸಾವನದುರ್ಗಕ್ಕೆ ಹೊರಡಿಸಿದ. ಅರ್ಧ ಹತ್ತುವಷ್ಟರಲ್ಲಿ ಪಡುವಣ ಕಪ್ಪಾಯಿತು. ನೆನೆದ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ, ಇಳಿಯೋಣ ಎಂದು ಜಲಜಾ ಹಟ ಹಿಡಿದಳು. ಗೊಣಗುತ್ತ ಇಳಿದರು. ಕೆಳಗೆ ಬಂದು ಪುಳಿಯೋಗರೆ ಬಿಚ್ಚುವ ಹೊತ್ತಿಗೆ ಮೋಡ ಚದುರಿ ಬಿಸಿಲು ಬಿತ್ತು. ಸಂಜೆಯವರೆಗೂ ಒಂದು ಹನಿ ಬೀಳಲಿಲ್ಲ.

ಸೋಮವಾರದಿಂದ ಅವಳ ಹೆಸರು ಹವಾಮಾನ ಇಲಾಖೆ. ಛತ್ರಿ ತರಬೇಕೇ ಬೇಡವೇ ಎಂದು ದಿನವೂ ಯಾರಾದರೂ ಕೇಳುವರು, ಉಳಿದವರು ನಗುವರು. ಜಲಜಾ ತಾನೂ ನಕ್ಕು ಸುಮ್ಮನಾಗುತ್ತಿದ್ದಳು. ಅಲಮೇಲುವೂ ನಗುತ್ತಿದ್ದದ್ದು ಮಾತ್ರ ಅವಳಿಗೆ ಚುಚ್ಚುತ್ತಿತ್ತು.

ಮರುವರ್ಷ ಮತ್ತೆ ಅದೇ ಬೆಟ್ಟ. ಅಲಮೇಲುವಿಗೆ ಗೋಪೀನಾಥ ಎಂಬುವನೊಂದಿಗೆ ನಿಶ್ಚಿತಾರ್ಥವಾಗಿತ್ತು. ಮದುವೆಗೆ ಮುಂಚೆ ಒಂದು ಸಲ ತುದಿ ನೋಡಬೇಕೆಂದು ಬಂದಿದ್ದಳು. ಅರ್ಧ ದಾರಿಯಲ್ಲಿ ಗಾಳಿ ನಿಂತುಹೋಯಿತು. ಪಡುವಣದ ಅಂಚಿನಲ್ಲಿ ಎದ್ದ ಮೋಡ ಜಲಜಾಳಿಗೆ ಕಂಡಿತು. ಅಷ್ಟರಲ್ಲಿ ಚಕ್ರಪಾಣಿ ತಿರುಗಿ ನಿಂತ.

"ಏನ್ರೀ ಹವಾಮಾನ ಇಲಾಖೆ, ಇವತ್ತು ಮಳೆ ಉಂಟಾ?"

ಎಲ್ಲರೂ ನಗುವುದಕ್ಕೆ ಕಾದಿದ್ದರು.

"ನಂಗೇನ್ ಗೊತ್ತು ಸಾರ್. ನೀವು ಹೇಳ್ದಂಗೆ," ಎಂದಳು ಜಲಜಾ.

ತುದಿ ಮುಟ್ಟುವ ಮೊದಲೇ ಮಳೆ ಹೊಡೆಯಿತು. ಬಂಡೆಯ ಮೇಲೆ ನೀರು ಹರಿಯತೊಡಗಿತು. ಕೂತುಕೊಂಡು ತೆವಳುತ್ತ ಇಳಿಯುವಾಗ ಅಲಮೇಲುವಿನ ಸೀರೆ ಕಾಲಿಗೆ ತೊಡರಿತು. ಜಾರಿದವಳು ಬಹಳ ಕೆಳಗೆ ಒಂದು ಪೊದೆಗೆ ಸಿಕ್ಕಿ ನಿಂತಳು. ಸೊಂಟದ ಮೂಳೆ ಮುರಿದಿತ್ತು. ಜಮಖಾನದಲ್ಲಿ ಹೊತ್ತು ಇಳಿಸಿದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದಾಗ ಒಂದು ಕಾಲು ಗಿಡ್ಡವಾಗಿತ್ತು. ಗೋಪೀನಾಥನ ಮನೆಯವರು ಜಾತಕದ ನೆಪ ಹೇಳಿ ಸಂಬಂಧ ಬಿಟ್ಟರು.

ಎಲ್ಲರೆದುರಿಗೇ ಕೇಳಿದ್ದೆ, ಜಲಜಾಳೇ ಗೊತ್ತಿಲ್ಲ ಎಂದಳು ಎಂದು ಚಕ್ರಪಾಣಿ ಆಫೀಸಿನಲ್ಲಿ ಹೇಳಿಕೊಂಡು ಬಂದ. ಅದು ಸುಳ್ಳೆನ್ನಲು ಯಾರಿಗೂ ಸಾಧ್ಯವಿರಲಿಲ್ಲ.

ಜಲಜಾ ಪಕ್ಕದ ಮನೆಗೆ ನೋಡಲು ಹೋದಾಗ ಅಲಮೇಲು ಗೋಡೆಗೆ ಒರಗಿ ಕೂತಿದ್ದಳು.

"ನಿಂಗೆ ಮೋಡ ಕಾಣ್ಸಿತ್ತಲ್ವೇನೇ?"

"ಕಾಣ್ಸಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ನಗ್ತಿದ್ದೆ ಕಣೇ."

ಅಲಮೇಲು ಮುಖ ತಿರುಗಿಸಿಕೊಂಡಳು. ಆಮೇಲೆ, "ಇನ್ಮೇಲೆ ಇಲ್ಲಿಗೆ ಬರ್ಬೇಡ," ಎಂದಳು.

ಅಲಮೇಲು ಕೆಲಸಕ್ಕೆ ಮರಳಿದ್ದು ಊರುಗೋಲು ಹಿಡಿದು. ತನ್ನ ಮೇಜನ್ನು ಜಲಜಾಳ ಪಕ್ಕದಿಂದ ತೆಗೆಸಿ ಕಿಟಕಿಯ ಬಳಿ ಹಾಕಿಸಿಕೊಂಡಳು. ಇಬ್ಬರೂ ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಟೈಪು ಮಾಡಿದರು. ಮಾತಿಲ್ಲ, ಬಸ್ಸೂ ಬೇರೆ. ಚಕ್ರಪಾಣಿ ಹೊಸಬರನ್ನು ಕಟ್ಟಿಕೊಂಡು ಶಿವಗಂಗೆಗೆ ಹೋಗಿಬಂದ. ಆ ಪ್ರವಾಸದ ಕತೆಗಳನ್ನು ಅವನು ಹೇಳುವಾಗ ಅಲಮೇಲು ಮೊದಲಿನಂತೆಯೇ ನಗುತ್ತ ಕೇಳುತ್ತಿದ್ದಳು.