ನೀರಿಲ್ಲದ ಚಾಳಿಗೆ ಫಿಲ್ಟರ್

ಸಾನಪಾಡಾದಿಂದ ಡೊಂಬಿವಲಿಗೆ ರಿಟರ್ನ್ ಟಿಕೆಟ್ ಮೂವತ್ತು ರೂಪಾಯಿ. ಮಹಿಳಾ ಮಂಡಳಿಯವರಾದ ನಾವು ತೊಡೆಯ ಮೇಲೆ ಒಂದೊಂದು ವಾಟರ್ ಫಿಲ್ಟರ್ ಇಟ್ಟುಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕುಳಿತೆವು. ಸುತ್ತಿಟ್ಟ ಬ್ಯಾನರಿನಲ್ಲಿ 'ಎಂಡ್ ವರ್ಲ್ಡ್ ಪಾವರ್ಟಿ' ಎಂದಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಕೈಯಿಂದ ಬಡವರಿಗೆ ಬಿಸ್ಕೆಟ್ ಕೊಡಿಸುತ್ತಿದ್ದ ಶುಕ್ರವಾರಗಳು ನೆನಪಾದವು. ಎಷ್ಟು ಹಗುರವಾಗಿರುತ್ತಿತ್ತು ಮನಸ್ಸು. ಠಾಣೆಯಲ್ಲಿ ಗಾಡಿ ಬದಲಿಸುವ ನೂಕಾಟದಲ್ಲಿ ಆ ಹಗುರವೂ ಹೋಯಿತು.

ಡೊಂಬಿವಲಿಯಲ್ಲಿ ಉರಿಬಿಸಿಲು, ಕೆಮಿಕಲ್ ಕಾರ್ಖಾನೆಗಳ ಘಾಟು. ಒಂಟಿ ಕೋಣೆಗಳ ಚಾಳಿನ ಮುಂದೆ ಖಾಲಿ ಡ್ರಮ್ಮುಗಳ ಸಾಲು. ಹಂಚಿದೆವು, ಫೋಟೋ ತೆಗೆಸಿಕೊಂಡೆವು. ವಿಜಯಪುರ ಕಡೆಯಿಂದ ಬಂದು ಆ ಚಾಳಿನಲ್ಲಿ ನೆಲೆಸಿದ್ದ ಕಲ್ಲವ್ವ ಫಿಲ್ಟರನ್ನು ತಿರುಗಿಸಿ ನೋಡಿದಳು.

"ಬಾಯಾರ, ನಳದಾಗ ನೀರ ಬಂದು ವರ್ಷ ಆತು. ಇದರಾಗ ಏನ ಹಾಕೂಣ್ರಿ?"

ಅದನ್ನು ನಾವು ಯಾರೂ ವಿಚಾರಿಸಿರಲಿಲ್ಲ.

"ಟ್ಯಾಂಕರ್ ಬರ್ತದಲ್ಲ ಮಾರಾಯ್ರೇ," ಎಂದರು ನಮ್ಮ ಅಧ್ಯಕ್ಷೆ ಸುಮತಿ.

"ಅದು ಒಂದ ಕೊಡಕ್ಕ ಮುಗೀತೈತ್ರಿ. ಇರ್ಲಿ, ಜ್ವಾಳ ಇಡಾಕ ಚೊಲೋ ಆತು."

ಹೆಂಗಸರೆಲ್ಲ ನಕ್ಕರು. ಮಧ್ಯಾಹ್ನ ವಾರ್ಡ್ ಆಫೀಸಿನಲ್ಲಿ ಪೈಪ್‌ಲೈನಿನ ಮಾತುಕತೆ ಇದೆ, ಜೊತೆಗೆ ಬಂದು ಎರಡು ಮಾತಾಡಿ ಎಂದು ಕಲ್ಲವ್ವ ಕೇಳಿದಳು.

"ನಮಗೆ ಪಾಲಿಟಿಕ್ಸ್ ಬೇಡ. ಹೋಟೆಲಿನಲ್ಲಿ ಊಟಕ್ಕೆ ಹೇಳಿ ಆಗಿದೆ," ಎಂದರು ಸುಮತಿ. ನಾನು ಉಳಿದಿದ್ದ ಒಂದು ಫಿಲ್ಟರ್ ಎತ್ತಿಕೊಂಡು ಕಲ್ಲವ್ವನ ಜೊತೆ ರಿಕ್ಷಾ ಹತ್ತಿದೆ.

ವಾರ್ಡ್ ಆಫೀಸಿನ ಸಾಹೇಬರು ಮೊಬೈಲ್ ತೋರಿಸಿದರು. ನಾವು ಫಿಲ್ಟರ್ ಹಂಚಿದ್ದರ ಫೋಟೋ, ಸುಮತಿ ಆಗಲೇ ಅವರಿಗೆ ಕಳಿಸಿದ್ದರು. "ಪಾಣ್ಯಾಚಿ ಸೋಯ್ ಝಾಲೀ ನಾ?" ನೀರಿನ ವ್ಯವಸ್ಥೆ ಆಯಿತಲ್ಲ, ಪೈಪ್ ಬೇರೆ ಕಡೆಗೆ ಕೊಡುತ್ತೇವೆ ಎಂದರು. ನಾವು ಕೊಟ್ಟ ದಾನವೇ ಇವರಿಗೆ ಬರಬೇಕಾದ ನೀರಿಗೆ ಅಡ್ಡ ಕುಳಿತಿತ್ತು. ಫಿಲ್ಟರನ್ನು ಅವರ ಮೇಜಿನ ಮೇಲೆ ಕುಕ್ಕಿದೆ.

"ಮಿಸ್ಟರ್, ಇದರಲ್ಲಿ ನೀರು ಹುಟ್ಟುವುದಿಲ್ಲ. ಪೈಪ್ ಹಾಕುವುದು ನಿಮ್ಮ ಡ್ಯೂಟಿ, ನಮ್ಮ ಚಾರಿಟಿಯಲ್ಲ. ಬಂದು ನಳ ತಿರುಗಿಸಿ ನೋಡಿ."

ಸೋಮವಾರ ಸ್ಥಳ ಪರಿಶೀಲನೆ ಎಂದರು, ಮುಖ ನೋಡದೆ.

ರಿಕ್ಷಾ ಸ್ಟ್ಯಾಂಡಿನಲ್ಲಿ ಕಲ್ಲವ್ವ ಕೇಳಿದಳು: "ಸೋಮಾರ ನೀವ ಬರ್ತೀರೇನ್ರಿ ಬಾಯಾರ, ಇಲ್ಲಾ ಫೋಟೋ ಕಳಸ್ತೀರೋ?"

ಗಾಡಿ ಡೊಂಬಿವಲಿ ಬಿಡುವಾಗ ಮಂಡಳಿಯ ಗ್ರೂಪಿನಲ್ಲಿ ಅದೇ ಫೋಟೋ ಬಂತು. ಬ್ಯಾನರಿನ ಕೆಳಗೆ ನಾನೂ ಹಲ್ಲು ಕಿರಿದು ನಿಂತಿದ್ದೆ. ಕೆಳಗೆ ಬರೆದೆ: "ಸೋಮವಾರ ಮತ್ತೆ ಡೊಂಬಿವಲಿ. ಬ್ಯಾನರ್ ಬೇಡ, ಫಿಲ್ಟರ್ ಬೇಡ. ಜಗಳವಾಡಲು ಬಾಯಿ ತನ್ನಿ." ಠಾಣೆ ಬರುವವರೆಗೆ ಒಂದೇ ಉತ್ತರ ಬಂತು, ಸುಮತಿಯವರದು: ಕೈ ಮುಗಿದ ಚಿತ್ರ.

ಇಳಿದವಳೇ ಸೋಮವಾರ ಎಷ್ಟು ಗಂಟೆಗೆ ಬರಲಿ ಎಂದು ಕಲ್ಲವ್ವನಿಗೆ ಫೋನ್ ಮಾಡಿದೆ.